ಒಂದು ರೂಪಾಯಿಯ ಸಿನಿಮಾ

ನಮ್ಮ ಸಂಘದ ಸಭೆ ಪ್ರತಿ ಮಂಗಳವಾರ ಸಂಜೆ. ನಾವು ಹದಿನಾಲ್ಕು ಜನ. ಉಳಿತಾಯದ ಹಣ ಎಣಿಸುತ್ತೇವೆ. ಪುಸ್ತಕದಲ್ಲಿ ಬರೆಯುತ್ತೇವೆ. ಆಮೇಲೆ ಸ್ವಲ್ಪ ಹೊತ್ತು ಕೂತು ಓದುತ್ತೇವೆ. ಆವತ್ತು ನಾವು ಓದಿದ್ದು ಪಾಠದ ಪುಸ್ತಕವನ್ನಲ್ಲ. ಹೊಲಿಗೆ ಅಕ್ಕನ ಫೋನಿಗೆ ಬಂದಿದ್ದ ಒಂದು ಮೆಸೇಜನ್ನು.

ಅಕ್ಕನ ಮುಖ ಬಾಡಿತ್ತು. "ನನ್ನ ಖಾತೆಯಿಂದ ದುಡ್ಡು ಹೋಗೈತೆ ಕಣ್ರವ್ವಾ. ನಾನು ಬ್ಯಾಂಕಿಗೆ ಹೋಗಿಲ್ಲ. ಯಾರಿಗೂ ಕೊಟ್ಟಿಲ್ಲ" ಎಂದರು.

ಮೆಸೇಜು ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಆದರೆ ಅಂಕಿ ಎಲ್ಲರಿಗೂ ಬರುತ್ತದೆ. ಅಂಕಿಗಳ ಮೇಲೆ ಬೆರಳಿಟ್ಟು ಓದಿದೆವು. ನಾಲ್ಕು, ಒಂಬತ್ತು, ಒಂಬತ್ತು. 499 ರೂಪಾಯಿ. ತಾರೀಕನ್ನೂ ಓದಿದೆವು. ಹಿಂದಿನ ಶನಿವಾರ.

ಅದು ಅಕ್ಕನಿಗೆ ಗೃಹಲಕ್ಷ್ಮಿ ಹಣ ಬರುವ ಖಾತೆ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಆ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಯಿತು. ಅಕ್ಕ ಅದರಲ್ಲೇ ಉಳಿಸಿ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಬೇಕೆಂದಿದ್ದರು. ತುಳಿದು ತುಳಿದು ಅವರ ಮಂಡಿ ನೋಯುತ್ತಿತ್ತು.

ಕಳ್ಳರು ಹೊಡೆದರು ಎಂದೇ ನಾವು ತಿಳಿದೆವು. ಅಷ್ಟರಲ್ಲಿ ಅಕ್ಕನ ಮಗ ಬಂದ. ಹತ್ತನೇ ತರಗತಿ ಹುಡುಗ. ತಲೆ ತಗ್ಗಿಸಿ ನಿಂತ.

"ಒಂದು ರೂಪಾಯಿಗೆ ಏಳು ದಿನ ಸಿನಿಮಾ ಅಂತ ಇತ್ತಮ್ಮಾ. ಒತ್ತಿದೆ. ಚೆನ್ನಾಗಿರಲಿಲ್ಲ. ಮೂರನೇ ದಿನಕ್ಕೇ ಆ್ಯಪ್ ತೆಗೆದುಹಾಕಿದ್ದೆ."

"ಪಿನ್ನು?"

"ನಿನ್ನದು ನನಗೆ ಗೊತ್ತಲ್ಲ."

ಅಕ್ಕನಿಗೆ ಓದು ಬಾರದ ಕಾಲದಲ್ಲಿ ಆ ಪಿನ್ ಇಟ್ಟವನೇ ಅವನು. ಅಂದಿನಿಂದ ಅದು ಅವನ ಬಾಯಲ್ಲೇ ಇತ್ತು.

ಕಳ್ಳತನ ಅಲ್ಲ ಎಂದು ಆಗ ತಿಳಿಯಿತು. ಏನು ನಡೆಯಿತು ಎಂದು ನಿಧಾನವಾಗಿ ನೋಡೋಣ.

ಹಿಂದೆ ಸಿನಿಮಾ ನೋಡಲು ಟಾಕೀಸಿಗೆ ಹೋಗುತ್ತಿದ್ದೆವು. ಆಮೇಲೆ ಟಿ.ವಿ. ಬಂತು, ಕೇಬಲ್ ಬಂತು. ಈಗ ಇಂಟರ್‌ನೆಟ್ಟಿನಲ್ಲಿ ಸಿನಿಮಾ ಬರುತ್ತದೆ. ಕೊಳಾಯಿ ತಿರುಗಿಸಿದರೆ ನೀರು ಹರಿದು ಬರುವ ಹಾಗೆ, ಬೇಕೆಂದಾಗ ಫೋನಿಗೆ ಹರಿದು ಬರುತ್ತದೆ. ಇದಕ್ಕೆ ಒಟಿಟಿ ಎನ್ನುತ್ತಾರೆ. ನೆಟ್‌ಫ್ಲಿಕ್ಸ್ ನಮ್ಮ ದೇಶಕ್ಕೆ ಬಂದದ್ದು 2016ರ ಜನವರಿಯಲ್ಲಿ. ಅಮೆಜಾನ್ ಪ್ರೈಮ್ ವಿಡಿಯೊ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು. ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಒಂದಾಗಿ 2025ರ ಫೆಬ್ರವರಿಯಲ್ಲಿ ಜಿಯೊಹಾಟ್‌ಸ್ಟಾರ್ ಆಯಿತು. ಜೀ5, ಸನ್ ನೆಕ್ಸ್ಟ್ ಹೀಗೆ ಇನ್ನೂ ಹಲವು ಇವೆ. ಸಣ್ಣಪುಟ್ಟವು ಲೆಕ್ಕಕ್ಕಿಲ್ಲ.

ಇವುಗಳಿಗೆ ಕೊಡುವ ಹಣ ಚಂದಾ. ವಾರಪತ್ರಿಕೆಗೆ ಚಂದಾ ಕಟ್ಟುವುದಿಲ್ಲವೇ, ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ಪತ್ರಿಕೆಯ ಚಂದಾ ಮುಗಿದರೆ ಪತ್ರಿಕೆ ನಿಲ್ಲುತ್ತದೆ. ಮತ್ತೆ ಬೇಕಾದರೆ ನಾವು ಹಣ ಕಟ್ಟಬೇಕು. ಇಲ್ಲಿ ಎಷ್ಟೋ ಸಲ ಹಾಗಲ್ಲ. ಅವಧಿ ಮುಗಿದರೆ ಹಣ ತಾನಾಗಿಯೇ ಹೋಗುತ್ತದೆ. ಸಾಕು ಎಂದು ನಾವು ಹೇಳುವ ತನಕ ಹೋಗುತ್ತಲೇ ಇರುತ್ತದೆ.

ಇದಕ್ಕೆ ಆಟೊಪೇ ಎಂದು ಹೆಸರು. ಯುಪಿಐ ಹಣದ ಆ್ಯಪ್‌ಗಳಿಗೆ ಇದು ಬಂದದ್ದು 2020ರಲ್ಲಿ. ಹುಡುಗ ಒಂದು ರೂಪಾಯಿಗೆ ಪಿನ್ ಒತ್ತಿದ. ಆ ಒಂದು ಪಿನ್ನಿನಲ್ಲಿ ಎರಡು ಕೆಲಸ ಆಯಿತು. ಒಂದು ರೂಪಾಯಿ ಹೋಯಿತು. ಜೊತೆಗೆ, 'ಎಂಟನೇ ದಿನದಿಂದ ಮೂರು ತಿಂಗಳಿಗೊಮ್ಮೆ 499 ತೆಗೆದುಕೊಳ್ಳಿ' ಎಂದು ಅಪ್ಪಣೆಯೂ ಹೋಯಿತು. ಬಿಳಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಸಾಹುಕಾರರ ಕತೆ ನಮ್ಮ ಅಜ್ಜಿ ಹೇಳುತ್ತಿದ್ದರು. ನಮಗೆ ಅದೇ ನೆನಪಾಯಿತು. ಇಲ್ಲಿ ಕಾಗದ ಪೂರ್ತಿ ಬಿಳಿ ಅಲ್ಲ, ನಿಜ. 499 ಎಂದು ಕೆಳಗೆ ಬರೆದಿತ್ತು, ಇರುವೆ ಸಾಲಿನ ಹಾಗೆ ಸಣ್ಣಗೆ. 'ಒಂದು ರೂಪಾಯಿ' ಮಾತ್ರ ಕುಂಬಳಕಾಯಿಯಷ್ಟು ದಪ್ಪ.

ಆ್ಯಪ್ ತೆಗೆದುಹಾಕಿದ್ದನಲ್ಲ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಆ್ಯಪ್ ತೆಗೆದರೆ ಫೋನಿನಿಂದ ಚಿತ್ರ ಹೋಗುತ್ತದೆ. ಅಪ್ಪಣೆ ಹೋಗುವುದಿಲ್ಲ. ಅದು ಹಣದ ಆ್ಯಪ್‌ನಲ್ಲಿ ಹಾಗೇ ಕೂತಿರುತ್ತದೆ.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಹೀಗೆ ಹಣ ತೆಗೆಯುವುದಕ್ಕೆ 24 ಗಂಟೆ ಮೊದಲು ಖಾತೆದಾರರಿಗೆ ತಿಳಿಸಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಅಕ್ಕನ ಫೋನಿನಲ್ಲಿ ಹುಡುಕಿದೆವು. ಶುಕ್ರವಾರವೇ ಮೆಸೇಜು ಬಂದಿತ್ತು! ಅದರಲ್ಲೂ 499 ಎಂದು ಇತ್ತು. ಅಕ್ಕ ನೋಡಿರಲಿಲ್ಲ.

"ದಿನಕ್ಕೆ ಇಪ್ಪತ್ತು ಬತ್ತವೆ. ಸಾಲ ಬೇಕಾ, ಸೈಟು ಬೇಕಾ ಅಂತ. ಯಾವುದು ಅಂತ ನೋಡಲಿ?" ಎಂದರು. ಅವರ ಮಾತು ನ್ಯಾಯವೇ. ಈಗ ನಾವು ಹೀಗೆ ಮಾಡುತ್ತೇವೆ. ಮೆಸೇಜು ಯಾವ ಭಾಷೆಯಲ್ಲೇ ಇರಲಿ, ಅದರಲ್ಲಿ ರೂಪಾಯಿ ಅಂಕಿ ಇದೆಯೇ ಎಂದು ನೋಡುತ್ತೇವೆ. ಇದ್ದರೆ ಅಳಿಸುವುದಿಲ್ಲ. ತಿಳಿದವರಿಗೆ ತೋರಿಸುತ್ತೇವೆ. ಅದರಲ್ಲಿ ಇರುವ ನೀಲಿ ಗೆರೆಯನ್ನು ಮಾತ್ರ ಒತ್ತುವುದಿಲ್ಲ. ಅದು ಮೋಸದ ಲಿಂಕ್ ಇರಬಹುದು.

ಆವತ್ತು ಸಭೆಯಲ್ಲೇ ಅಪ್ಪಣೆ ನಿಲ್ಲಿಸಿದೆವು. ಮೊದಲು ಹಣದ ಆ್ಯಪ್‌ನ ಭಾಷೆ ಬದಲಿಸಿ ಕನ್ನಡ ಮಾಡಿದೆವು. ಆಟೊಪೇ ಎಂಬ ಜಾಗ ಸಿಕ್ಕಿತು. ಅದರೊಳಗೆ ಆ ಕಂಪನಿಯ ಹೆಸರು, 499, ಮುಂದಿನ ತಾರೀಕು, ಎಲ್ಲ ಇತ್ತು. ರದ್ದು ಮಾಡುವ ಗುಂಡಿ ಒತ್ತಿದೆವು. ಪಿನ್ ಕೇಳಿತು. ಅಕ್ಕ ಮಗನನ್ನು ಆಚೆ ಕಳಿಸಿ ತಾವೇ ಒತ್ತಿದರು. ಆಮೇಲೆ ಪಿನ್ನನ್ನೇ ಬದಲಿಸಿದರು. ಹೊಸದನ್ನು ನಮಗೂ ಹೇಳಲಿಲ್ಲ. ಒಳ್ಳೆಯದೇ ಆಯಿತು.

ಹೋದ 499 ಬರಲಿಲ್ಲ. 1915 ಎಂಬ ಬಳಕೆದಾರರ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದೆವು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಸೇರುವುದನ್ನು ಸುಲಭ ಮಾಡಿ, ಬಿಡುವುದನ್ನು ಕಷ್ಟ ಮಾಡುವುದು ತಪ್ಪು. ಕೇಂದ್ರ ಸರಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ತಪ್ಪು ವ್ಯಾಪಾರಗಳನ್ನು ಪಟ್ಟಿ ಮಾಡಿದೆ. ಚಂದಾ ಬಲೆಯೂ ಆ ಪಟ್ಟಿಯಲ್ಲಿದೆ. ನಿಜವಾದ ಕಳ್ಳತನವೇ ಆದರೆ, ಅಂದರೆ ಯಾರೋ ಮೋಸದಿಂದ ಹಣ ಎಳೆದರೆ, ಕೂಡಲೇ 1930ಕ್ಕೆ ಮಾಡಬೇಕು. ಎರಡು ನಂಬರನ್ನೂ ಸಂಘದ ಗೋಡೆಯ ಮೇಲೆ ಬರೆದಿದ್ದೇವೆ.

ಒಂದು ಲೆಕ್ಕ ಮಾಡಿ. ಮೂರು ತಿಂಗಳಿಗೆ 499 ಆದರೆ ವರ್ಷಕ್ಕೆ ಎಷ್ಟು? ನಾವು ಸ್ಲೇಟಿನ ಮೇಲೆ ನಾಲ್ಕು ಸಲ ಬರೆದು ಕೂಡಿಸಿದೆವು. 1996. ಗೃಹಲಕ್ಷ್ಮಿಯ ಒಂದು ತಿಂಗಳ ಹಣ! ಇದರ ಮೇಲೆ ಫೋನಿನ ರೀಚಾರ್ಜ್ ಬೇರೆ.

ಹಾಗಾದರೆ ಸಿನಿಮಾ ಬೇಡವೇ? ಬೇಕು. ದಿನವೆಲ್ಲ ಕೂಲಿ, ದನ, ಒಲೆ. ಎರಡು ಗಂಟೆ ಕಾಲು ಚಾಚಿ ಕೂತು ಸಿನಿಮಾ ನೋಡುವುದು ತಪ್ಪಲ್ಲ. ಹೆಂಗಸರಿಗೆ ಯಾಕೆ ಇದೆಲ್ಲ ಎನ್ನುವವರು ತಾವು ಕ್ರಿಕೆಟ್ಟಿಗೆ ಎಷ್ಟು ಕಟ್ಟುತ್ತಾರೆ, ಕೇಳಿ ನೋಡಿ.

ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ನಾವೇ ಒಂದು ತಿಂಗಳ ಚಂದಾ ಕಟ್ಟಿ ನೋಡಿದೆವು. ತಲೆಗೆ ಹನ್ನೊಂದು ರೂಪಾಯಿ ಹಾಕಿದೆವು. 154 ಕೂಡಿತು, ಚಂದಾ 149. ಐದು ರೂಪಾಯಿ ಉಳಿಯಿತು. ಈ ಸಲ ಪಿನ್ ಒತ್ತಿದ್ದು ಹೊಲಿಗೆ ಅಕ್ಕ. ಹಣ ಹೋದ ಮಾರನೇ ದಿನವೇ ಆಟೊಪೇ ರದ್ದು ಮಾಡಿದೆವು. ಕಟ್ಟಿದ ತಿಂಗಳು ಮುಗಿಯುವವರೆಗೆ ಸಿನಿಮಾ ಬಂತು. (ಬಿಟ್ಟಿ ದಿನಗಳಾದರೆ ಕೆಲವು ಕಂಪನಿಗಳು ರದ್ದು ಮಾಡಿದ ಕೂಡಲೇ ನಿಲ್ಲಿಸುತ್ತವೆ. ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ದಿನ ಮುಂಚೆ ರದ್ದು ಮಾಡಿ.)

ಆದರೂ ನಾವು ಎಡವಿದೆವು. ನಾವು ಕಟ್ಟಿದ್ದು ಮೊಬೈಲಿಗೆ ಮಾತ್ರ ಬರುವ ಚಂದಾ. ಟಿ.ವಿ.ಗೆ ಬರಲಿಲ್ಲ. ಹದಿನಾಲ್ಕು ತಲೆ ಒಂದು ಫೋನಿಗೆ ಮುತ್ತಿದೆವು. ಮೊದಲ ದಿನ ಅರ್ಧ ಸಿನಿಮಾಕ್ಕೇ ಆ ದಿನದ ಡೇಟಾ ಮುಗಿಯಿತು. ಚಿತ್ರ ಸ್ಪಷ್ಟ ಇದ್ದಷ್ಟೂ ಡೇಟಾ ಹೆಚ್ಚು ಹೋಗುತ್ತದೆ. ಆಮೇಲೆ ಸ್ಪಷ್ಟತೆ ಕಡಿಮೆ ಮಾಡಿಕೊಂಡೆವು.

ಅಜ್ಜಿಗೆ ಬೇಡರ ಕಣ್ಣಪ್ಪ ಬೇಕಿತ್ತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, 1954ರದು. ಹುಡುಕುವ ಜಾಗದಲ್ಲಿ ಅಜ್ಜಿಯೇ ಒಂದೊಂದು ಅಕ್ಷರ ಒತ್ತಿ ಬರೆದರು. ಣ್ಣ ಬರೆಯಲು ಬಹಳ ಹೊತ್ತು ಹಿಡಿಯಿತು. ಆ ಕಂಪನಿಯಲ್ಲಿ ಅದು ಇರಲಿಲ್ಲ. ನಮಗೆ ಬೇಕಾದ್ದು ಇದೆಯೇ ಎಂದು ಹಣ ಕಟ್ಟುವ ಮೊದಲೇ ಹುಡುಕಿ ನೋಡಬೇಕಿತ್ತು. ಇನ್ನೊಂದನ್ನೂ ಮೊದಲೇ ಕೇಳಬೇಕಿತ್ತು. ಕೆಲವು ರೀಚಾರ್ಜ್‌ಗಳ ಜೊತೆಗೇ ಇಂಥ ಚಂದಾ ಸೇರಿರುತ್ತದೆ. ಬೇರೆ ಕಟ್ಟಬೇಕಿಲ್ಲ. ದೂರದರ್ಶನದವರೂ 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ಆ್ಯಪ್ ಶುರು ಮಾಡಿದ್ದಾರೆ. ಡಿಡಿ ಫ್ರೀ ಡಿಷ್‌ಗೆ ತಿಂಗಳ ಬಾಡಿಗೆಯೇ ಇಲ್ಲ.

ತಿಂಗಳು ಮುಗಿಯಿತು. ಸಿನಿಮಾ ನಿಂತಿತು. ಮುಂದಿನ ಮಂಗಳವಾರ ಹೊಲಿಗೆ ಅಕ್ಕ ಪಾಸ್‌ಬುಕ್ ಬರೆಸಿಕೊಂಡು ಬಂದರು. ಸಾಲು ಸಾಲಾಗಿ ತಾವೇ ಓದಿದರು. 149 ಒಂದೇ ಸಲ ಇತ್ತು.

"ಇನ್ನು ಮೋಟಾರಿಗೆ ಆರುನೂರು ಕಡಿಮೆ ಐತೆ, ಅಷ್ಟೇ" ಎಂದರು.

ಅಜ್ಜಿ ಉಳಿದ ಐದು ರೂಪಾಯಿಯನ್ನು ಸಂಘದ ಪುಸ್ತಕದಲ್ಲಿ ಬರೆಸಿದರು. ಮುಂದಿನ ಮಳೆಗಾಲಕ್ಕೆ ಕಣ್ಣಪ್ಪ ಎಲ್ಲಿದ್ದಾನೆ ಎಂದು ಮೊದಲೇ ಹುಡುಕಿ ಇಡಿ ಎಂದು ಹುಡುಗನಿಗೆ ಹೇಳಬೇಡಿ, ತಾನೇ ಹುಡುಕುತ್ತೇನೆ ಎಂದರು.