ಕರೆಂಟು ಹೋದರೆ ಟವರ್ ತಾನೇ ಎದ್ದೇಳುತ್ತದೆಯೆ?

ಪ್ರಶ್ನೆ: ಮೊಬೈಲ್ ನೆಟ್‌ವರ್ಕ್‌ಗಳು ತಮ್ಮ ದೋಷವನ್ನು ತಾವೇ ಸರಿಪಡಿಸಿಕೊಳ್ಳುವ ತಂತ್ರಜ್ಞಾನದ ಬಗ್ಗೆ ಪತ್ರಿಕೆಯಲ್ಲಿ ಓದಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಈ ಸಂಶೋಧನೆಯಿಂದ ನಮ್ಮಂಥ ಊರಿಗೆ ಏನಾದರೂ ಪ್ರಯೋಜನ ಉಂಟೆ? ಸಿಮ್ ಹಾಕುವ ಪಂಪ್ ಸ್ಟಾರ್ಟರ್, ಮಣ್ಣಿನ ತೇವ ಅಳೆಯುವ ಸೆನ್ಸರ್ ಇವನ್ನೆಲ್ಲ ನಂಬಿ ತೋಟಕ್ಕೆ ಹಾಕಬಹುದೆ?
– ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲೂಕು

ಉತ್ತರ: ನೀವು ಓದಿದ್ದು ಸುಳ್ಳಲ್ಲ. ತನ್ನನ್ನು ತಾನೇ ನೋಡಿಕೊಳ್ಳುವ ಮೊಬೈಲ್ ಜಾಲ ಪ್ರಯೋಗಾಲಯದಿಂದ ಹೊರಬಿದ್ದು ಹದಿನೈದು ವರ್ಷವೇ ಆಯಿತು. ನಿಮ್ಮ ಕಿಸೆಯಲ್ಲಿರುವ 4ಜಿ ಫೋನು ನಿಮಗೆ ಗೊತ್ತಿಲ್ಲದೆಯೇ ದಿನವೂ ಅದರ ಚಾಕರಿ ಮಾಡುತ್ತಿರಬಹುದು. ಆದರೆ ಆ ಜಾಣತನ ಏನಿದ್ದರೂ ಸೆಟ್ಟಿಂಗ್ ತಿದ್ದುವ ಜಾಣತನ. ಬ್ಯಾಟರಿ ಬರಿದಾದ ಟವರ್‌ಗೆ ಅದು ಕರೆಂಟು ತಂದುಕೊಡುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಚುಟುಕು ಉತ್ತರ ಇದು. ಯಾಕೆ ಹೀಗೆ ಎಂಬುದನ್ನು ತಿಳಿದುಕೊಂಡರೆ ಎರಡನೆಯ ಪ್ರಶ್ನೆಗೂ ದಾರಿ ಸಿಗುತ್ತದೆ.

3ಜಿ ಕಾಲದವರೆಗೆ ಹೊಸ ಟವರ್ ಎದ್ದಿತೆಂದರೆ ಎಂಜಿನಿಯರುಗಳಿಗೆ ಕೈತುಂಬ ಕೆಲಸ. ಲ್ಯಾಪ್‌ಟಾಪ್ ಹಿಡಿದು ಜೀಪಿನಲ್ಲಿ ರಸ್ತೆ ರಸ್ತೆ ಸುತ್ತಿ ಸಿಗ್ನಲ್ ಅಳೆಯಬೇಕು, ಅಕ್ಕಪಕ್ಕದ ಟವರ್‌ಗಳು ಯಾವುವು ಎಂಬ ಪಟ್ಟಿಯನ್ನು ಕೈಯಾರೆ ತುಂಬಬೇಕು, ಆಂಟೆನಾ ಎಷ್ಟು ಬಾಗಿರಬೇಕು ಎಂದು ನಿರ್ಧರಿಸಬೇಕು. ಟವರ್‌ಗಳು ಲಕ್ಷಗಟ್ಟಲೆ ಆದಾಗ ಇದು ಮನುಷ್ಯರ ಕೈಮೀರಿತು. 2006ರಲ್ಲಿ ಜಗತ್ತಿನ ದೊಡ್ಡ ಮೊಬೈಲ್ ಕಂಪನಿಗಳು ಎನ್‌ಜಿಎಂಎನ್ ಎಂಬ ಕೂಟ ಕಟ್ಟಿಕೊಂಡವು. ಮುಂದಿನ ತಲೆಮಾರಿನ ಜಾಲ ಇಂಥ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಮೊಬೈಲ್ ಜಾಲಗಳ ನಿಯಮ ರೂಪಿಸುವ 3ಜಿಪಿಪಿ ಸಂಸ್ಥೆ 2008ರ ಕೊನೆಗೆ ಸಿದ್ಧಪಡಿಸಿದ ‘ರಿಲೀಸ್ 8’ರಲ್ಲಿ, ಅಂದರೆ 4ಜಿಯ ಮೊದಲ ನಿಯಮಾವಳಿಯಲ್ಲೇ ಇದಕ್ಕೆ ಜಾಗ ಸಿಕ್ಕಿತು. ಅದೇ 2008ರಿಂದ 2010ರವರೆಗೆ ಯುರೋಪಿನಲ್ಲಿ ‘ಸಾಕ್ರಟೀಸ್’ ಎಂಬ ಸಂಶೋಧನಾ ಯೋಜನೆ ಇದೇ ವಿಷಯದ ಮೇಲೆ ನಡೆಯಿತು.

ಈ ವ್ಯವಸ್ಥೆ ಮಾಡುವ ಕೆಲಸ ಮೂರು ಬಗೆಯದು. ಹೊಸ ಟವರ್ ತನ್ನ ಸೆಟ್ಟಿಂಗ್ ತಾನೇ ಮಾಡಿಕೊಳ್ಳುವುದು ಒಂದು. ಬಳಕೆ ಹೆಚ್ಚುಕಡಿಮೆ ಆದಂತೆ ಅದನ್ನು ತಿದ್ದಿಕೊಳ್ಳುತ್ತ ಹೋಗುವುದು ಎರಡು. ಕೆಟ್ಟಾಗ ಅದನ್ನು ಗುರುತಿಸಿ ಸುಧಾರಿಸಿಕೊಳ್ಳುವುದು ಮೂರು.

ಮೊದಲ ಎರಡನ್ನು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತು ನೋಡೋಣ. ನೀವು ಮಾತಾಡುತ್ತಿದ್ದೀರಿ. ಫೋನು ಈಗ ಹಿಡಿದಿರುವ ಟವರ್ ಅಲ್ಲದೆ ದೂರದಿಂದ ಕೇಳಿಬರುವ ಬೇರೆ ಟವರ್‌ಗಳ ಬಲವನ್ನೂ ಅಳೆದು ವರದಿ ಒಪ್ಪಿಸುತ್ತಿರುತ್ತದೆ. 4ಜಿಯಲ್ಲಿ ಟವರ್‌ನ ಪ್ರತಿ ದಿಕ್ಕಿನ ಸಿಗ್ನಲ್‌ಗೂ ಒಂದು ಗುರುತಿನ ಸಂಖ್ಯೆ ಉಂಟು. ಇರುವುದು ಒಟ್ಟು 504 ಸಂಖ್ಯೆ. ಹಾಗಾಗಿ ಅವನ್ನೇ ದೇಶದ ತುಂಬ ಮತ್ತೆ ಮತ್ತೆ ಬಳಸಬೇಕು. ಫೋನು ಪಟ್ಟಿಯಲ್ಲಿಲ್ಲದ ಸಂಖ್ಯೆಯೊಂದನ್ನು ವರದಿ ಮಾಡಿತು ಅನ್ನಿ. ಟವರ್ ಕೂಡಲೇ ‘ಅದರ ಪೂರ್ತಿ ವಿಳಾಸ ಓದಿ ಹೇಳು’ ಎಂದು ಫೋನಿಗೇ ಅಪ್ಪಣೆ ಮಾಡುತ್ತದೆ. ಫೋನು ಓದಿ ಹೇಳುತ್ತದೆ. ಹೊಸ ನೆರೆಯ ಟವರ್ ಪಟ್ಟಿಗೆ ಸೇರುತ್ತದೆ. ಯಾವ ಎಂಜಿನಿಯರೂ ಸ್ಥಳಕ್ಕೆ ಬರಬೇಕಿಲ್ಲ. ಅದೇ ದಾರಿಯ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಕರೆ ಕಡಿದುಹೋಗುತ್ತಿದ್ದರೆ, ಫೋನನ್ನು ಮುಂದಿನ ಟವರ್‌ಗೆ ದಾಟಿಸುವುದು ತಡವಾಗುತ್ತಿದೆ ಎಂದು ಜಾಲ ಲೆಕ್ಕ ಹಾಕಿ ಮರುದಿನದಿಂದ ತುಸು ಮೊದಲೇ ದಾಟಿಸಬಹುದು.

ಮೂರನೆಯ ಕೆಲಸಕ್ಕೆ ಬಂದಾಗ ಮಲೆನಾಡಿನ ತೊಂದರೆ ಶುರು. ಒಂದು ಟವರ್ ಸತ್ತರೆ ಜಾಲ ಹೇಗೆ ಸುಧಾರಿಸಿಕೊಳ್ಳುತ್ತದೆ? ಸುತ್ತಲಿನ ಟವರ್‌ಗಳು ತಮ್ಮ ಆಂಟೆನಾದ ಬಾಗು ಬದಲಿಸಿ, ಸಿಗ್ನಲ್ ಬಲ ಹೆಚ್ಚಿಸಿ ಆ ಖಾಲಿ ಜಾಗದತ್ತ ಚಾಚಿಕೊಳ್ಳುತ್ತವೆ. ಬೆಂಗಳೂರಿನಂಥ ಊರಿನಲ್ಲಿ ಒಂದು ಟವರ್ ಬಿದ್ದರೆ ಆ ಜಾಗ ತುಂಬಲು ನಾಲ್ಕಾರು ಟವರ್ ಇರುತ್ತವೆ. ಸಿದ್ದಾಪುರದ ನಿಲ್ಕುಂದದ ಕಡೆಯೋ ಯಲ್ಲಾಪುರದ ವಜ್ರಳ್ಳಿಯ ಕಡೆಯೋ ಹೋದರೆ ಹತ್ತಾರು ಮಜಿರೆಗೆ ಸೇರಿ ಒಂದು ಟವರ್. ಪಕ್ಕದ ಟವರ್ ಗುಡ್ಡದಾಚೆ. ಅದು ಎಷ್ಟು ಬಾಗಿದರೂ ಗುಡ್ಡ ತೂರಿ ಬರಲಾರದು. ನೆರೆಯೇ ಇಲ್ಲದ ಕಡೆ ನೆರವೂ ಇಲ್ಲ.

ನಮ್ಮ ನೆಲದ ರಚನೆಯೂ ಸಿಗ್ನಲ್‌ಗೆ ಅನುಕೂಲವಾಗಿಲ್ಲ. ಅಡಿಕೆ ತೋಟ ಇರುವುದು ನೀರಿನಾಸರೆಯ ತಗ್ಗಿನಲ್ಲಿ, ಮನೆ ಅದರ ಅಂಚಿನಲ್ಲಿ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಹಸಿ ಎಲೆ, ಅದರಲ್ಲೂ ಮಳೆಯಲ್ಲಿ ತೊಯ್ದ ಎಲೆ, ರೇಡಿಯೊ ಅಲೆಯನ್ನು ಹೀರುತ್ತದೆ. ಅಲೆಯ ಆವರ್ತನ ಹೆಚ್ಚಿದಷ್ಟೂ ಹೀರಿಕೆ ಹೆಚ್ಚು. ಅದಕ್ಕೇ ಇಂಥ ಕಡೆ 700 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನ ಮುಟ್ಟುವಷ್ಟು ದೂರ 2100 ಮೆಗಾಹರ್ಟ್ಸ್ ಮುಟ್ಟುವುದಿಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಗುಡ್ಡ ಹತ್ತಿದ್ದರ ಹಿಂದಿನ ಭೌತಶಾಸ್ತ್ರ ಇದೇ. ನೆರೆಯ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2021ರಲ್ಲಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಅಭಿಯಾನವೇ ನಡೆಯಿತು.

ಇನ್ನು ಟವರ್ ಸಾಯುವ ಕಾರಣಗಳು. ಮರ ಬಿದ್ದು ಲೈನು ಹರಿಯುತ್ತದೆ. ಟವರ್ ಬುಡದ ಬ್ಯಾಟರಿ ಹಳತಾಗಿದ್ದರೆ ಕೆಲವೇ ಗಂಟೆಯಲ್ಲಿ ಬರಿದಾಗುತ್ತದೆ. ಜನರೇಟರ್ ಇದ್ದರೂ ಡೀಸೆಲ್ ಇರಬೇಕು. ಕರೆಂಟು ಇದ್ದೂ ಟವರ್ ಮೂಕವಾಗುವುದುಂಟು: ಅದನ್ನು ಹೊರಜಗತ್ತಿಗೆ ಜೋಡಿಸುವ ಫೈಬರ್ ರಸ್ತೆ ಅಗೆಯುವಾಗಲೋ ಧರೆ ಕುಸಿದಾಗಲೋ ತುಂಡಾಗಿರುತ್ತದೆ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದಿದ್ದು, ಅರಬೈಲ್ ಘಟ್ಟದ ಹೆದ್ದಾರಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ರಸ್ತೆಯ ಮಗ್ಗುಲಲ್ಲೇ ಸಾಗುವ ಕೇಬಲ್‌ಗೆ ಅಂಥ ಕಡೆ ಬೇರೆ ದಾರಿ ಇಲ್ಲದಿದ್ದರೆ ಯಾವ ತಂತ್ರಾಂಶವೂ ಏನೂ ಮಾಡಲಾರದು.

ಹಾಗೆಂದು ಈ ಸಂಶೋಧನೆ ನಮಗೆ ಪೂರ್ತಿ ನಿರುಪಯೋಗಿ ಎಂದು ತೀರ್ಮಾನಿಸಬೇಡಿ. ಕರೆಂಟು ಹೋದದ್ದು ಗೊತ್ತಾದೊಡನೆ ಟವರ್ ತನ್ನ ಹೆಚ್ಚುವರಿ ಆವರ್ತನಗಳನ್ನು ಆರಿಸಿ, ಒಂದನ್ನು ಮಾತ್ರ ಉಳಿಸಿಕೊಂಡು ಬ್ಯಾಟರಿಯನ್ನು ಹೆಚ್ಚು ಹೊತ್ತು ಎಳೆಯಬಲ್ಲದು. ವಿಡಿಯೊ ನಿಧಾನವಾದೀತು, ಕರೆ ಹೋಗುತ್ತದೆ. ರಾತ್ರಿ ಹಾವು ಕಚ್ಚಿದ ಮನೆಯವರಿಗೆ ಬೇಕಾದ್ದು ಕರೆಯೇ. ಬ್ಯಾಟರಿ ಪ್ರತಿ ಸಲ ಎಷ್ಟು ಬೇಗ ಇಳಿಯುತ್ತಿದೆ ಎಂಬ ದಾಖಲೆ ನೋಡಿ, ಮಳೆಗಾಲಕ್ಕೆ ಮೊದಲೇ ಬದಲಿಸಬೇಕಾದ ಬ್ಯಾಟರಿ ಯಾವುದು ಎಂದು ಹೇಳುವುದೂ ಸಾಧ್ಯ. ಇಂಥ ಲೆಕ್ಕಾಚಾರವನ್ನು ಯಾರು ಬೇಕಾದರೂ ಬರೆದು ಜಾಲಕ್ಕೆ ಸೇರಿಸುವಂತಾಗಬೇಕು ಎಂಬ ದಿಕ್ಕಿನಲ್ಲಿ 2018ರಲ್ಲಿ ಹುಟ್ಟಿದ ಓ-ರಾನ್ ಒಕ್ಕೂಟ ದುಡಿಯುತ್ತಿದೆ. ನಮ್ಮ ದೇಶದಲ್ಲೂ ಅನುಕೂಲ ಕೂಡಿಬಂದಿದೆ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ರೇಡಿಯೊ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಜಾಲದ ನಡುಭಾಗ ಸಿ-ಡಾಟ್‌ನದು, ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. 2022ರ ಮೇ ತಿಂಗಳಲ್ಲಿ ಚಾಲನೆಗೊಂಡ 5ಜಿ ಪರೀಕ್ಷಾ ಕೇಂದ್ರದ ಯೋಜನೆಯಲ್ಲಿ ಮದ್ರಾಸ್ ಐಐಟಿಯ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ. ಉಪಕರಣ, ತಂತ್ರಾಂಶ ಎರಡೂ ಇಲ್ಲೇ ತಯಾರಾಗುವಾಗ ಘಟ್ಟದ ಮಳೆಯನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳುವುದು ಸುಲಭ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಜಾಲಕ್ಕೆ ಜೋಡಿಸಿದ ಉಪಕರಣ ನಿಮಗೆ ಹೊಸದೇನಲ್ಲ. ಗ್ರಾಮ ಪಂಚಾಯಿತಿಯ ಬಳಿ ಸೋಲಾರ್ ಫಲಕ ಹೊತ್ತು ನಿಂತಿರುವ ಮಳೆಮಾಪಕ ಅಂಥದ್ದೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಪಂಚಾಯಿತಿಗಳಲ್ಲೆಲ್ಲ ಇವನ್ನು ನಿಲ್ಲಿಸಿದೆ. ಒಳಗೆ ಎರಡು ಪುಟ್ಟ ಬಟ್ಟಲುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಮಳೆನೀರು ಒಂದರಲ್ಲಿ ತುಂಬಿದೊಡನೆ ಅದು ಮಗುಚಿ ಇನ್ನೊಂದು ಮೇಲೇಳುತ್ತದೆ. ಮಗುಚಿದ್ದು ಎಷ್ಟು ಸಲ ಎಂಬುದೇ ಮಳೆಯ ಲೆಕ್ಕ. ಆ ಲೆಕ್ಕ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರು ಸೇರಬೇಕು.

ಇದರ ಮೇಲೆ ನಿಮ್ಮ ದುಡ್ಡು ನಿಂತಿದೆ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೊಳೆ ಎಷ್ಟು ಬಂತು, ಎಷ್ಟು ಕಾಯಿ ಉದುರಿತು ಎಂದು ಯಾರೂ ತೋಟಕ್ಕೆ ಬಂದು ಎಣಿಸುವುದಿಲ್ಲ. ಆ ಪಂಚಾಯಿತಿಯ ಮಳೆ, ತಾಪಮಾನ ನಿಗದಿತ ಮಟ್ಟ ಮೀರಿತೇ ಎಂದು ಮಾತ್ರ ನೋಡುತ್ತಾರೆ. ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟಿದ ರೈತ, ಮಾಪಕ ಕೆಟ್ಟರೆ ತನ್ನ ತಪ್ಪಿಲ್ಲದೆ ನಷ್ಟಕ್ಕೆ ಸಿಕ್ಕಿಬೀಳುತ್ತಾನೆ. ಮಾಪಕ ಸರಿಯಿರಲಿಲ್ಲ, ಅಂಕಿಅಂಶ ಸಿಗಲಿಲ್ಲ, ಪರಿಹಾರ ತಡವಾಯಿತು ಎಂಬ ದೂರು ನಮ್ಮ ಜಿಲ್ಲೆಯ ಬೆಳೆಗಾರರದು ಹಲವು ಸಲ ಕೇಳಿಬಂದಿದೆ. ತನ್ನ ಬಟ್ಟಲಿನಲ್ಲಿ ಕಸ ಕಟ್ಟಿಕೊಂಡಿದ್ದನ್ನು ಅಕ್ಕಪಕ್ಕದ ಮಾಪಕಗಳ ಜೊತೆ ಹೋಲಿಸಿ ಕಂಡುಹಿಡಿಯುವ, ಸಿಗ್ನಲ್ ಇಲ್ಲದ ದಿನಗಳ ಲೆಕ್ಕವನ್ನು ಒಳಗೇ ಉಳಿಸಿಕೊಂಡು ಆಮೇಲೆ ಕಳಿಸುವ ಮಾಪಕ ಇಲ್ಲಿ ಬೇಕು. ಅದಕ್ಕೆ ಬೇಕಾದ ತಂತ್ರ ಈಗಲೇ ಇದೆ; ದುಬಾರಿಯೂ ಅಲ್ಲ.

ಸಂಶೋಧಕರು ಇನ್ನೊಂದು ದಾರಿಯನ್ನೂ ತೋರಿಸಿದ್ದಾರೆ. ಟವರ್‌ನಿಂದ ಟವರ್‌ಗೆ ಡಿಶ್ ಮೂಲಕ ಹಾಯುವ ಮೈಕ್ರೋವೇವ್ ಅಲೆ ಮಳೆ ಜೋರಾದಂತೆ ಕ್ಷೀಣಿಸುತ್ತದೆ. ಎಷ್ಟು ಕ್ಷೀಣಿಸಿತು ಎಂಬುದರಿಂದ ಎಷ್ಟು ಮಳೆಯಾಯಿತು ಎಂದು ಹೇಳಬಹುದೆಂದು ಇಸ್ರೇಲಿನ ಹಗಿತ್ ಮೆಸೆರ್ ಮತ್ತು ಸಂಗಡಿಗರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಮಳೆಮಾಪಕ ಕೈಕೊಟ್ಟ ದಿನ ಟವರ್‌ಗಳ ದಾಖಲೆಯೇ ಸಾಕ್ಷಿಯಾಗಬಹುದಾದ ವಿಧಾನ ಇದು.

ಪಂಪ್ ಸ್ಟಾರ್ಟರ್ ಕೊಳ್ಳುವುದಿದ್ದರೆ ಮೊದಲು ಅದು 2ಜಿಯದೋ 4ಜಿಯದೋ ಕೇಳಿ. ಅಗ್ಗದ ಹಲವು ಸ್ಟಾರ್ಟರ್‌ಗಳು 2ಜಿ ಮಾತ್ರ ಹಿಡಿಯುತ್ತವೆ. ಜಿಯೋದಲ್ಲಿ 2ಜಿ ಇಲ್ಲ. ಆ ಸಿಮ್ ಹಾಕಿದರೆ ಅದು ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಪಂಪ್‌ಮನೆಯೊಳಗೆ ನಿಂತು ಯಾವ ಕಂಪನಿಯ ರೇಂಜ್ ಸಿಗುತ್ತದೆ ಎಂದು ಫೋನು ಹಿಡಿದು ನೋಡಿ; ಅಂಗಳದಲ್ಲಿ ಸಿಕ್ಕರೆ ಸಾಲದು. ಆಂಟೆನಾವನ್ನು ತಂತಿ ಎಳೆದು ಮಾಡಿನ ಮೇಲೆ ಕಟ್ಟಲು ಬರುತ್ತದೆಯೇ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಸಿಗ್ನಲ್ ಹೋದಾಗ ಪಂಪು ಏನು ಮಾಡುತ್ತದೆ? ನೀರು ಬತ್ತಿದರೆ, ಒಂದು ಫೇಸ್ ಹೋದರೆ, ನಿಗದಿತ ಹೊತ್ತು ಮೀರಿದರೆ ಯಾರ ಕರೆಯನ್ನೂ ಕಾಯದೆ ತಾನೇ ನಿಲ್ಲುವಂಥದ್ದನ್ನೇ ಕೊಳ್ಳಿ.

ಮಣ್ಣಿನ ತೇವದ ಸೆನ್ಸರ್‌ಗೆ ಪ್ರತಿಯೊಂದಕ್ಕೂ ಸಿಮ್ ಹಾಕುವ ಗೋಜು ಬೇಡ. ಲೋರಾ ಎಂಬ ರೇಡಿಯೊ ವಿಧಾನದಲ್ಲಿ ಸಣ್ಣ ಸಂದೇಶಗಳು ಕಡಿಮೆ ಬ್ಯಾಟರಿಯಲ್ಲಿ ದೂರ ಹೋಗುತ್ತವೆ. ಅದು ಬಳಸುವ 865 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳಿಗೆ ನಮ್ಮ ದೇಶದಲ್ಲಿ, ನಿಗದಿತ ಬಲದ ಮಿತಿಯೊಳಗೆ, ಲೈಸೆನ್ಸ್ ಬೇಕಿಲ್ಲ. ತೋಟದ ಸೆನ್ಸರ್‌ಗಳೆಲ್ಲ ಬೆಟ್ಟದ ನೆತ್ತಿಯ ಒಂದು ಪೆಟ್ಟಿಗೆಗೆ ವರದಿ ಕಳಿಸಿದರೆ, ಆ ಪೆಟ್ಟಿಗೆಗೆ ಮಾತ್ರ ಇಂಟರ್‌ನೆಟ್ ಸಾಕು. ಒಬ್ಬರಿಗೆ ದುಬಾರಿ; ಕೇರಿಯ ಬೆಳೆಗಾರರು ಕೂಡಿ ಮಾಡಿದರೆ, ಸಹಕಾರಿ ಸಂಘ ಕೈಜೋಡಿಸಿದರೆ, ಹೊರೆಯಾಗದು. 1923ರಲ್ಲೇ ತೋಟಗಾರ್ಸ್ ಸೊಸೈಟಿ ಕಟ್ಟಿದ ಶಿರಸಿಗೆ ಕೂಡಿ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ.

ಒಟ್ಟಿನಲ್ಲಿ ನನ್ನ ಸಲಹೆ: ಕರೆಂಟು ಹೋದಾಗಲೂ ಸಿಗ್ನಲ್ ಇಲ್ಲದಾಗಲೂ ತನ್ನ ಪಾಡಿಗೆ ಸರಿಯಾಗಿ ನಡೆಯುವ ಉಪಕರಣವನ್ನು ಹಾಕಿ, ಫೋನಿನಲ್ಲಿ ನಡೆಸುವುದನ್ನು ಹೆಚ್ಚುವರಿ ಅನುಕೂಲ ಎಂದಷ್ಟೇ ಎಣಿಸಿ. ಟವರ್ ವಿಷಯದಲ್ಲಿ ಸುಮ್ಮನೆ ‘ನೆಟ್‌ವರ್ಕ್ ಸರಿಯಿಲ್ಲ’ ಎಂದು ಮನವಿ ಕೊಟ್ಟರೆ ಆ ಕಾಗದ ಕಡತಕ್ಕೆ ಸೇರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಡಿ: ಟವರ್‌ನ ಬ್ಯಾಟರಿ ಎಷ್ಟು ತಾಸು ಬರುತ್ತದೆ, ಅದನ್ನು ಬದಲಿಸಿದ್ದು ಯಾವಾಗ, ಫೈಬರ್ ತುಂಡಾದರೆ ಎರಡನೆಯ ದಾರಿ ಇದೆಯೆ, ಪಂಚಾಯಿತಿಯ ಮಳೆಮಾಪಕವನ್ನು ಕೊನೆಯ ಸಲ ತಪಾಸಣೆ ಮಾಡಿದ್ದು ಎಂದು? ಉತ್ತರವನ್ನೂ ಬರಹದಲ್ಲೇ ಕೇಳಿ ಪಡೆಯಿರಿ.