ಹೊಳೆ ಬಂದ ದಿನ ಯಾರು ಯಾರಿಗೆ ಏನು ಹೇಳಬೇಕು? ತಂಡಕ್ಕೆ ತರಬೇತಿ, ಹಂತ ಹಂತವಾಗಿ

ಕಬಿನಿಯಿಂದ ನೀರು ಜಾಸ್ತಿ ಬಿಟ್ಟರೆ ಏನಾಗುತ್ತದೆ ಅಂತ ಹೆಡತಲೆ, ಸುತ್ತೂರು, ನಂಜನಗೂಡು ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಸುತ್ತೂರು ಸೇತುವೆ ಮೇಲೆ ನೀರು ಹತ್ತುತ್ತದೆ. ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಬಂದ್ ಆಗುತ್ತದೆ. 2018, 2019, 2024ರಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡಿದ್ದೇವೆ.

ಅಂಥ ದಿನ ಫೈರ್‌ನವರು, ಪೊಲೀಸರು, 108ರವರು, ಕಂದಾಯದವರು, ಗೃಹರಕ್ಷಕರು, ತರಬೇತಿ ಪಡೆದ ಸ್ವಯಂಸೇವಕರಾದ ಆಪದ ಮಿತ್ರರು ಎಲ್ಲರೂ ಓಡಿ ಬರುತ್ತಾರೆ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದಿದ್ದರೆ ಅಷ್ಟು ಜನ ಬಂದೂ ಪ್ರಯೋಜನ ಕಡಿಮೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರ್‌ನಿಂದ ಬಂದ ಎಚ್ಚರಿಕೆ, ಕಟ್ಟಡದೊಳಗಿದ್ದ ಅಗ್ನಿಶಾಮಕರ ರೇಡಿಯೊಗೆ ತಲುಪಲಿಲ್ಲ. ಎರಡೂ ಇಲಾಖೆಯ ರೇಡಿಯೊ ಬೇರೆ ಬೇರೆ.

ನಿಮ್ಮ ಪಂಚಾಯಿತಿಯಲ್ಲಿ ತರಬೇತಿ ಕೊಡಿ ಅಂತ ನಿಮಗೇ ಹೇಳಿದ್ದಾರೆಯೇ? ಭಯಪಡಬೇಡಿ. ಒಂದು ಹಾಲ್, ಸುಣ್ಣದ ಕಡ್ಡಿ, ನೋಟ್‌ಬುಕ್, ನಾಲ್ಕು ವಾಕಿ ಟಾಕಿ ಇದ್ದರೆ ಶುರು ಮಾಡಬಹುದು.

1. ಹತ್ತು ಹನ್ನೆರಡು ಜನರನ್ನು ಕರೆಯಿರಿ. ಪ್ರತಿ ಇಲಾಖೆಯಿಂದ ಒಬ್ಬರಾದರೂ ಇರಲಿ. ಆಶಾ ಕಾರ್ಯಕರ್ತೆಯನ್ನು ಮರೆಯಬೇಡಿ; ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಇಲಾಖೆಯವರು ಒಟ್ಟಿಗೆ ಕೂರದ ಹಾಗೆ ನೋಡಿಕೊಳ್ಳಿ.

2. ನೆಲದ ಮೇಲೆ ನಕ್ಷೆ ಬರೆಯಿರಿ. ಕಪಿಲೆ (ಕಬಿನಿ ಹೊಳೆ), ಸುತ್ತೂರು ಸೇತುವೆ, ಹೆಡತಲೆ, ಮಲ್ಲನಮೂಲೆ, ಆಸ್ಪತ್ರೆ, ಎತ್ತರದ ಜಾಗದಲ್ಲಿರುವ ಶಾಲೆ. ಚಂದವಾಗಿ ಬರಬೇಕಿಲ್ಲ. ಎಲ್ಲರೂ ಒಂದೇ ನಕ್ಷೆ ನೋಡಿದರೆ ಸಾಕು.

3. ಅಪ್ಪಣೆ ಕೊಡುವ ಹೊಣೆ ಯಾರದು ಅಂತ ಬೋರ್ಡಿನ ಮೇಲೆ ಬರೆಯಿರಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ತಾಲ್ಲೂಕು ಮಟ್ಟದಲ್ಲಿ ಆ ಹೊಣೆ ತಹಸೀಲ್ದಾರರದು. ಅವರು ಸ್ಥಳದಲ್ಲಿಲ್ಲದಾಗ ಅವರ ಪರವಾಗಿ ಯಾರು ಎನ್ನುವುದನ್ನೂ ಈಗಲೇ ಕೇಳಿಕೊಂಡು ಬರೆಯಿರಿ. ಎಚ್ಚರಿಕೆ: ಒಂದೇ ಹೊತ್ತಿಗೆ ಇಬ್ಬರಿಗೆ ಹೊಣೆ ಬರೆದರೆ ಆ ದಿನ ಎರಡು ಅಪ್ಪಣೆ ಹೊರಡುತ್ತವೆ.

4. ಕಂಟ್ರೋಲ್ ಟೇಬಲ್ ಹಾಕಿ. ಅಲ್ಲಿ ಇಬ್ಬರು ಕೂರಬೇಕು: ಮಾತಾಡುವುದಕ್ಕೆ ಒಬ್ಬರು, ಬರೆಯುವುದಕ್ಕೆ ಒಬ್ಬರು. ಬಂದ ಪ್ರತಿ ಸುದ್ದಿಗೂ ಸಮಯ, ಹೇಳಿದವರು, ಹೇಳಿದ್ದು, ಮಾಡಿದ್ದು ಎಂದು ನಾಲ್ಕು ಕಾಲಂ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ಕಂಟ್ರೋಲ್ ರೂಮ್‌ಗೆ 1077, ಇವನ್ನೂ ಸ್ಥಳೀಯ ಅಧಿಕಾರಿಗಳ ನಂಬರ್‌ಗಳನ್ನೂ ಕಾಗದದಲ್ಲಿ ಬರೆದು ಟೇಬಲ್ಲಿಗೆ ಅಂಟಿಸಿ. ಫೋನಿನಲ್ಲಿ ಸೇವ್ ಆಗಿದೆ ಅನ್ನುವ ಮಾತು ಚಾರ್ಜ್ ಇರುವ ತನಕ ಮಾತ್ರ.

5. ವಾಕಿ ಟಾಕಿ ಕೈಗೆ ಕೊಡಿ. ಕೊಡುವ ಮೊದಲು ಒಂದು ವಿಷಯ: ಆನ್‌ಲೈನ್‌ನಲ್ಲಿ ಸಿಕ್ಕಿದ ಸೆಟ್ ತರಿಸಬೇಡಿ. 446 ಮೆಗಾಹರ್ಟ್ಸ್ ಬ್ಯಾಂಡಿನ, ಅನುಮೋದನೆ ಇರುವ ಕಡಿಮೆ ಶಕ್ತಿಯ ಸೆಟ್‌ಗೆ ಪರವಾನಗಿ ಬೇಡ. ಪೊಲೀಸರು ಬಳಸುವಂಥ ವಿಎಚ್‌ಎಫ್ ಸೆಟ್‌ಗೆ ಬೇಕೇ ಬೇಕು. ದೂರದ ಸಂಪರ್ಕ ಬೇಕಿದ್ದರೆ ಮೈಸೂರಿನ ಹ್ಯಾಮ್ ರೇಡಿಯೊ ಹವ್ಯಾಸಿಗಳನ್ನು ಕೇಳಿ ನೋಡಿ. ಅವರ ಬಳಿ ಲೈಸೆನ್ಸೂ ಇದೆ, ಉತ್ಸಾಹವೂ ಇದೆ.

6. ಬಟನ್ ಒತ್ತಿ, ಒಂದು ಸೆಕೆಂಡ್ ತಡೆದು, ಆಮೇಲೆ ಮಾತಾಡಿಸಿ. ಹೊಸಬರು ಎಡವುವುದು ಇಲ್ಲೇ. ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಪದ ನುಂಗಿಹೋಗುತ್ತದೆ. ‘ಬೋಟ್ ಬೇಡ’ದಲ್ಲಿ ‘ಬೋಟ್’ ಹೋದರೆ ‘ಬೇಡ’ ಮಾತ್ರ ಉಳಿಯುತ್ತದೆ; ಏನು ಬೇಡ? ಮೈಕ್ ಬಾಯಿಂದ ಎರಡು ಮೂರು ಬೆರಳು ದೂರ ಇರಲಿ. ಕಿರುಚಬೇಡಿ, ಕಿರುಚಿದಷ್ಟೂ ಮಾತು ಒಡೆಯುತ್ತದೆ.

7. ಕರೆಯುವ ಕ್ರಮ ಬಾಯಿಪಾಠ ಮಾಡಿಸಿ. ಮೊದಲು ಕೇಳಬೇಕಾದವರ ಹೆಸರು, ಆಮೇಲೆ ನಿಮ್ಮದು: “ಕಂಟ್ರೋಲ್, ಕಂಟ್ರೋಲ್, ಸೇತುವೆ ತಂಡ ಮಾತಾಡ್ತಿದೆ, ಓವರ್.” ಅವರು “ಹೇಳಿ” ಅಂದ ಮೇಲಷ್ಟೇ ವಿಷಯ. “ಹಲೋ ಸಾರ್, ನಾನು ಸಾರ್” ಅಂತ ಶುರು ಮಾಡುವವರನ್ನು ನಗುತ್ತಲೇ ತಿದ್ದಿ. ಚಾನೆಲ್‌ನಲ್ಲಿ ಗೌರವ ಅಂದರೆ ಚುಟುಕಾಗಿ ಮುಗಿಸುವುದು.

8. ಐದು ಪ್ರಶ್ನೆಗೆ ಉತ್ತರ ಹೇಳಿಸಿ. ಎಲ್ಲಿ? ಏನಾಗಿದೆ? ಎಷ್ಟು ಜನ? ಬರುವ ದಾರಿ ಯಾವುದು? ಇನ್ನೇನು ಅಪಾಯ ಇದೆ? ‘ದೇವಸ್ಥಾನದ ಹತ್ತಿರ’ ಅಂದರೆ ಸಾಲದು. ‘ಹೆಡತಲೆ ಲಕ್ಷ್ಮೀಕಾಂತ ದೇವಸ್ಥಾನದ ಮುಂದಿನ ಬೀದಿ’ ಅಂದರೆ ಹೊರಗಿನಿಂದ ಬಂದ ಎನ್‌ಡಿಆರ್‌ಎಫ್‌ನವರಿಗೂ ವಿಚಾರಿಸಿಕೊಂಡು ಬರಲು ಒಂದು ಗುರುತು ಸಿಗುತ್ತದೆ.

9. ಅಂಕಿ ಹೇಳುವುದನ್ನು ಪ್ರತ್ಯೇಕವಾಗಿ ಕಲಿಸಿ. ಈ ಹಂತಕ್ಕೆ ಅವಸರ ಬೇಡ. ಬೋಟಿನ ಮೋಟಾರ್ ಸದ್ದಿನಲ್ಲಿ ಎಪ್ಪತ್ತು, ಎಂಬತ್ತು ಒಂದೇ ತರ ಕೇಳಿಸುತ್ತವೆ. ನಮ್ಮ ಸೀಮೆಯಲ್ಲಂತೂ ಇನ್ನೊಂದು ತೊಡಕು: ಹದಿನಾರು ಅನ್ನುವುದು ಊರೂ ಹೌದು. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ, ಹೆಡತಲೆಯಲ್ಲಿ ಹದಿನಾರು ಮುಖದ ಚಾವಡಿ. “ಹದಿನಾರಕ್ಕೆ ಬೋಟ್ ಕಳಿಸಿ” ಅಂದರೆ ಹದಿನಾರು ಜನರಿಗೋ, ಆ ಊರಿಗೋ, ಮಂಟಪದ ಕಡೆಗೋ? ಆದ್ದರಿಂದ ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿಸಿ: “ಒಂದು, ಆರು, ಜನ.” ಊರಾದರೆ ಮುಂದೆ ‘ಊರು’ ಸೇರಿಸಿ: “ಊರು ಹದಿನಾರು.” ಎಲ್ಲರ ಕೈಲೂ ಹತ್ತು ಸಲ ಹೇಳಿಸಿ, ಬೇಸರ ಮಾಡಿಕೊಂಡರೂ ಪರವಾಗಿಲ್ಲ.

10. ಕೇಳಿದ್ದನ್ನು ತಿರುಗಿ ಹೇಳಿಸಿ. “ಸರಿ, ಗೊತ್ತಾಯ್ತು” ಉತ್ತರವಲ್ಲ. “ಹೆಡತಲೆ, ಒಂದು ಆರು ಜನ, ಬೋಟ್ ಎರಡು, ಸರಿಯಾ?” ಇದು ಉತ್ತರ. ಕಳಿಸಿದವರು “ಸರಿ” ಅನ್ನುವವರೆಗೆ ಸುದ್ದಿ ಮುಟ್ಟಿದ ಲೆಕ್ಕವಿಲ್ಲ. ಇಡೀ ತರಬೇತಿಯಲ್ಲಿ ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

11. ಚೀಟಿ ಆಟ ಆಡಿಸಿ. ಒಂದೊಂದು ಚೀಟಿಯಲ್ಲಿ ಒಂದೊಂದು ಸುದ್ದಿ: ‘ಸುತ್ತೂರು ಸೇತುವೆ ಬಂದ್’, ‘ತುಂಬು ಗರ್ಭಿಣಿ, ನೋವು ಶುರುವಾಗಿದೆ’, ‘ನಾಳೆ ಬೆಳಗ್ಗೆ ಡಯಾಲಿಸಿಸ್ ಇರುವವರು ಒಬ್ಬರು’, ‘ಮೂರು ಹಸು ಬಿಟ್ಟು ಬರಲ್ಲ ಅಂತಿದ್ದಾರೆ’. ಐದೈದು ನಿಮಿಷಕ್ಕೆ ಒಂದು ಕೊಡಿ, ಕೊನೆಗೆ ಮೂರನ್ನು ಒಟ್ಟಿಗೆ ಕೊಡಿ. ಟೇಬಲ್ ಗಲಿಬಿಲಿಯಾಗುತ್ತದೆ. ಆಗಲಿ, ಅದಕ್ಕೇ ಅಭ್ಯಾಸ.

12. ಆಸ್ಪತ್ರೆಯನ್ನು ಆಟಕ್ಕೆ ಸೇರಿಸಿ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಜನ ತೀರಿಕೊಂಡರು. ಅಸ್ವಸ್ಥರನ್ನು ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಿ ಸೇರಿಸಬೇಕಾಯಿತು. ಅಷ್ಟು ಜನರಾದಾಗ ಎಲ್ಲಿ ಬೆಡ್ ಇದೆ, ಎಲ್ಲಿ ವೆಂಟಿಲೇಟರ್ ಇದೆ ಅಂತ ಕೇಳಿದ ಮೇಲೆಯೇ ಗಾಡಿ ಹೊರಡಬೇಕು. ಯಾರು ಯಾವ ಆಸ್ಪತ್ರೆಗೆ ಹೋದರು ಅನ್ನುವುದನ್ನೂ ಬರೆದಿಡಿ. ಸಂಜೆ ಮನೆಯವರು ಬಂದು ಕೇಳುವುದು ಅದನ್ನೇ.

13. ಮೊಬೈಲ್‌ಗಳನ್ನು ಕಿತ್ತು ಬುಟ್ಟಿಗೆ ಹಾಕಿಸಿ, ಅದೇ ಆಟ ಮತ್ತೆ ಆಡಿಸಿ. ಕರೆಂಟ್ ಹೋಗಿ ಟವರ್ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ. ವಾಕಿ ಕೇಳದ ಮೂಲೆಗೆ ಬೈಕಿನಲ್ಲಿ ಚೀಟಿ ಒಯ್ಯುವವರು ಯಾರು? ಹೆಸರು ಬರೆಸಿ. ಹಾಗೇ ಜನರಿಗೆ, ಪತ್ರಿಕೆಯವರಿಗೆ ಹೇಳುವುದು ಒಬ್ಬರೇ ಅಂತಲೂ ಗೊತ್ತುಮಾಡಿ. ‘ಡ್ಯಾಮ್ ಒಡೀತಂತೆ’ ಅನ್ನುವ ವಾಟ್ಸ್ಆ್ಯಪ್ ಫಾರ್ವರ್ಡ್‌ಗೆ ಉತ್ತರ ಅವರಿಂದಲೇ ಹೋಗಲಿ.

14. ಬೇಸಿಗೆಯಲ್ಲಿ ಹೊಳೆ ದಡಕ್ಕೆ ಕರೆದೊಯ್ಯಿರಿ. ಪೊಲೀಸ್ ಠಾಣೆಗೂ ಊರವರಿಗೂ ಮೊದಲೇ ತಿಳಿಸಿ, ಡಂಗುರ ಹೊಡೆಸಿದರೆ ಇನ್ನೂ ಒಳ್ಳೆಯದು. ಪ್ರತಿ ಸಂದೇಶದ ಮುಂದೆ “ಅಭ್ಯಾಸ, ಅಭ್ಯಾಸ” ಅನ್ನಿಸಿ. ಇದನ್ನು ಮರೆತರೆ ನಿಜವಾದ ಆಂಬುಲೆನ್ಸ್ ಬಂದು ನಿಂತೀತು.

15. ಮುಗಿದ ಮೇಲೆ ನೋಟ್‌ಬುಕ್ ಓದಿ. ಯಾವ ಸುದ್ದಿ ಎಲ್ಲಿ ತಡವಾಯಿತು ಅಂತ ನೋಡಿ, ಯಾರ ತಪ್ಪು ಅಂತಲ್ಲ. ಮೊದಲು ಮಾತಾಡಲು ಆಶಾ ಕಾರ್ಯಕರ್ತೆ, ಗೃಹರಕ್ಷಕರನ್ನು ಬಿಡಿ. ಸಾಹೇಬರು ಶುರು ಮಾಡಿದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮುಂದಿನ ಅಭ್ಯಾಸದ ತಾರೀಖು, ವಾಕಿಗಳನ್ನು ವಾರಕ್ಕೊಮ್ಮೆ ಚಾರ್ಜಿಗೆ ಹಾಕುವವರ ಹೆಸರು, ಎರಡನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೇ ಜನರನ್ನು ಮನೆಗೆ ಕಳಿಸಿ.