‘ಆಸಕ್ತರು ಸಂಪರ್ಕಿಸಿ’ ಎಂದು ಬರೆದು ಕೈ ಸುಟ್ಟುಕೊಂಡೆ

2019ರ ಜುಲೈ ತಿಂಗಳು. ಅಡಿಕೆ ತೋಟದ ಬದಿಯಲ್ಲಿ ನೆಟ್ಟ 22 ರಂಬುಟಾನ್ ಗಿಡಗಳು ಆ ವರ್ಷ ಮೊದಲ ಬಾರಿಗೆ ಕೈತುಂಬ ಫಲ ಕೊಟ್ಟವು. ಬಾವಲಿಗಳಿಂದ ಉಳಿಸಲು ಬಲೆ ಹಾಕಿದ್ದೂ ಆಯಿತು. ಪೇಟೆಯ ಅಂಗಡಿಯವರು ಹೇಳಿದ ಕ್ರಯ ಕೇಳಿದರೆ ಕೊಯ್ಲಿನ ಮಜೂರಿ ಕಳೆದು ಹೆಚ್ಚೇನೂ ಉಳಿಯುವಂತಿರಲಿಲ್ಲ. ಹಿಂದೆ ನಮ್ಮಿಂದ ಕಾಳುಮೆಣಸು, ಹಲಸಿನ ಹಪ್ಪಳ ತರಿಸಿಕೊಂಡಿದ್ದ ಬೆಂಗಳೂರಿನ 120 ಮಂದಿಯ ಇಮೇಲ್ ವಿಳಾಸ ನನ್ನಲ್ಲಿತ್ತು. ಅವರಿಗೇ ನೇರ ಮಾರುವ ಎಂದು ಒಂದು ರಾತ್ರಿ ಕುಳಿತು ಪತ್ರ ಬರೆದೆ.

ಪತ್ರ ಬರೆಯುವ ಉಮೇದು ನನಗೆ ಮೊದಲಿನಿಂದಲೂ ಇದೆ. ಮಲಯ ಭಾಷೆಯಲ್ಲಿ ‘ರಂಬುಟ್’ ಎಂದರೆ ಕೂದಲು, ಹಣ್ಣಿಗೆ ಹೆಸರು ಬಂದದ್ದು ಹಾಗೆ ಎಂಬಲ್ಲಿಂದ ಸುರು ಮಾಡಿ, ಗಿಡ ತಂದ ಕತೆ, ಹಟ್ಟಿಗೊಬ್ಬರದ ಕತೆ, ಬಲೆ ಕಟ್ಟಿದ ಕತೆ ಎಲ್ಲ ಬಂತು. ಒಂದೂವರೆ ಪುಟ. ಕೊನೆಗೆ ‘ಹಣ್ಣು ಲಭ್ಯವಿದೆ, ಆಸಕ್ತರು ಸಂಪರ್ಕಿಸಿ’ ಎಂದು ಮುಗಿಸಿದೆ.

ಉತ್ತರ ಬಂದದ್ದು 19. ಅದರಲ್ಲಿ 14 ಮಂದಿ ‘ಬಹಳ ಚೆನ್ನಾಗಿ ಬರೆದಿದ್ದೀರಿ’ ಎಂದಿದ್ದರು. ಹಣ್ಣು ಕೇಳಿದವರು ಐದೇ ಮಂದಿ. ಅವರಲ್ಲೂ ಮೂವರು ‘ಕ್ರಯ ಎಷ್ಟು? ಹೇಗೆ ಕಳಿಸುತ್ತೀರಿ?’ ಎಂದು ಕೇಳಿದ್ದರು. ನಾನು ಅದನ್ನು ನೋಡಿ ಉತ್ತರಿಸುವಾಗ ಎರಡು ದಿನ ಕಳೆದಿತ್ತು.

ರಂಬುಟಾನ್ ಕಾಯುವ ಹಣ್ಣಲ್ಲ. ಮರದಿಂದ ಕೊಯ್ದ ಮೇಲೆ ಅದು ಮಾವಿನ ಹಾಗೆ ಹಣ್ಣಾಗುವುದಿಲ್ಲ. ಹಾಗಾಗಿ ಬೇಗ ಕೊಯ್ದು ಇಡುವಂತಿಲ್ಲ. ಕೊಯ್ದು ಹಾಗೇ ಇಟ್ಟರೆ ಎರಡು ಮೂರು ದಿನದಲ್ಲಿ ಕೂದಲು ಒಣಗಿ ಕಪ್ಪಾಗುತ್ತದೆ. ಒಳಗಿನ ತಿರುಳು ಚೆನ್ನಾಗಿಯೇ ಇದ್ದರೂ ಕೊಳ್ಳುವವರ ಕಣ್ಣಿಗೆ ಅದು ಹಾಳಾದ ಹಣ್ಣು. ಆ ವಾರ ಕೊಯ್ದ 60 ಕಿಲೋದಲ್ಲಿ 25 ಕಿಲೋ ಬೆಂಗಳೂರಿಗೆ ಹೋಯಿತು. ಉಳಿದದ್ದನ್ನು ಅದೇ ಅಂಗಡಿಯವರು ಹೇಳಿದ ಕ್ರಯಕ್ಕೆ ಕೊಟ್ಟು ಬಂದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೂ ಆ ಪತ್ರ ಹೋಗಿತ್ತು. ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಅಪ್ಪಾ, ಇದನ್ನು ಓದಿದವರು ಈಗ ಏನು ಮಾಡಬೇಕು?” ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಪತ್ರವನ್ನು ಮತ್ತೆ ಓದಿ ನೋಡಿದರೆ ಅದಕ್ಕೆ ಉತ್ತರವೇ ಇರಲಿಲ್ಲ.

ಪೇಟೆಯವರು ಇದನ್ನು ‘ಕಾಲ್ ಟು ಆಕ್ಷನ್’ ಎನ್ನುತ್ತಾರೆ. ಓದಿದವರನ್ನು ಒಂದು ಕೆಲಸಕ್ಕೆ ಕರೆಯುವ ಸಾಲು. ನಾನು ‘ಕರೆಸಾಲು’ ಎಂದು ಹೆಸರಿಟ್ಟುಕೊಂಡಿದ್ದೇನೆ. ಮುಂದಿನ ವರ್ಷದಿಂದ ಪತ್ರವನ್ನು ಹಿಂದುಮುಂದಾಗಿಸಿದೆ. ಮೊದಲು ಕರೆಸಾಲು ಬರೆಯುವುದು, ಆಮೇಲೆ ಅದಕ್ಕೆ ಬೇಕಾದಷ್ಟೇ ವಿಷಯ. ಈಗ ನಾನು ಕಳಿಸುವುದು ಹೀಗಿರುತ್ತದೆ:

‘ಈ ಗುರುವಾರ ರಂಬುಟಾನ್ ಕೊಯ್ಲು. 5 ಕಿಲೋ ಬಾಕ್ಸಿಗೆ ಬಸ್ ಸಾಗಾಟ ಸೇರಿ 1,250 ರೂ. ಬೇಕಾದವರು ಈ ಪತ್ರಕ್ಕೆ ಉತ್ತರವಾಗಿ ಎಷ್ಟು ಬಾಕ್ಸ್, ಯಾವ ಬಡಾವಣೆ ಎಂದಷ್ಟೇ ಬರೆಯಿರಿ. ಉದಾಹರಣೆಗೆ: 1 ಬಾಕ್ಸ್, ಜಯನಗರ. ಬುಧವಾರ ರಾತ್ರಿ 8 ಗಂಟೆಯೊಳಗೆ ಬಂದ ಆರ್ಡರಿಗೆ ಕೊಯ್ಯುತ್ತೇನೆ. ಬಸ್ ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತದೆಂದು ಗುರುವಾರ ರಾತ್ರಿ ತಿಳಿಸುತ್ತೇನೆ. ಹಣ್ಣು ನೋಡಿದ ಮೇಲೆ ಹಣ ಕಳಿಸಿದರೆ ಸಾಕು.’

ಇಷ್ಟರ ಕೆಳಗೆ ಒಂದು ಫೋಟೊ, ಎರಡು ಸಾಲು ತೋಟದ ಸುದ್ದಿ. ಕತೆ ಬೇಡವೆಂದಲ್ಲ, ಅದನ್ನು ಇಷ್ಟಪಡುವವರು ಇದ್ದಾರೆ. ಆದರೆ ಹೆಚ್ಚಿನವರು ಓದುವುದು ಮೊಬೈಲಿನಲ್ಲಿ, ಅದೂ ಬಸ್ಸಿನಲ್ಲಿ ನಿಂತುಕೊಂಡು. ಬೆರಳಿನಿಂದ ಮೇಲೆ ತಳ್ಳುವ ಮೊದಲೇ ಕಾಣಬೇಕಾದ್ದು ಕಾಣಬೇಕು.

ಈ ಸಾಲುಗಳಲ್ಲಿ ಕೇಳಿದ ಕೆಲಸ ಒಂದೇ ಎಂಬುದನ್ನು ಗಮನಿಸಿ. ಮೊದಲೊಮ್ಮೆ ನಾನು ‘ಫೋನ್ ಮಾಡಿ, ಅಥವಾ ವಾಟ್ಸಪ್ ಮಾಡಿ, ಅಥವಾ ಫಾರಂ ತುಂಬಿ, ತೋಟಕ್ಕೂ ಬನ್ನಿ, ಸ್ನೇಹಿತರಿಗೂ ತಿಳಿಸಿ’ ಎಂದು ಬರೆದಿದ್ದೆ. ಐದು ದಾರಿ ತೋರಿಸಿದರೆ ಮನುಷ್ಯ ‘ಆಮೇಲೆ ನೋಡುವ’ ಎಂದು ಮೊಬೈಲ್ ಕಿಸೆಗೆ ಹಾಕುತ್ತಾನೆ. ಹಾಗೆಯೇ ‘ಹೇಗೆ ಬರೆಯಬೇಕು’ ಎಂಬ ಮಾದರಿ ಕೊಟ್ಟದ್ದರಿಂದ ಬಹಳ ಉಪಕಾರವಾಯಿತು. ಮೊದಲು ನಾಲ್ಕು ಸಾಲಿನ ವಿಚಾರಣೆ ಬರುತ್ತಿದ್ದಲ್ಲಿ ಈಗ ‘2, ಮಲ್ಲೇಶ್ವರ’ ಎಂದು ಬರುತ್ತದೆ. ನನಗೂ ಪುಸ್ತಕದಲ್ಲಿ ಬರೆದುಕೊಳ್ಳಲು ಸುಲಭ.

ಒಂದು ವರ್ಷ ಮಗಳ ಗೆಳತಿ ಚಂದದ ಚಿತ್ರ ಮಾಡಿಕೊಟ್ಟಳು. ಕ್ರಯ, ದಿನ, ಫೋನ್ ನಂಬ್ರ ಎಲ್ಲವೂ ಚಿತ್ರದ ಒಳಗೆ. ಆದರೆ ಕೆಲವರ ಇಮೇಲಿನಲ್ಲಿ ಚಿತ್ರ ತೆರೆದುಕೊಳ್ಳಲೇ ಇಲ್ಲ. ಅವರಿಗೆ ಹೋದದ್ದು ಖಾಲಿ ಕಾಗದ! ಮೇಲಾಗಿ ಚಿತ್ರದಲ್ಲಿರುವ ನಂಬ್ರವನ್ನು ಒತ್ತಿದರೆ ಎಲ್ಲರ ಮೊಬೈಲಿನಲ್ಲೂ ಫೋನ್ ಹೋಗುವುದಿಲ್ಲ. ಹಾಗಾಗಿ ಮುಖ್ಯವಾದದ್ದನ್ನು ಅಕ್ಷರದಲ್ಲೇ ಬರೆಯಿರಿ.

ನನ್ನ ದೊಡ್ಡ ತಪ್ಪು ಬೇರೆಯೇ ಉಂಟು. ‘ಕೊನೆಯ 10 ಬಾಕ್ಸ್ ಮಾತ್ರ’ ಎಂದು ಬರೆದರೆ ಬೇಗ ಖರ್ಚಾಗುತ್ತದೆಂದು ಎಲ್ಲೋ ಓದಿದ್ದೆ. ಗಿಡದಲ್ಲಿ 40 ಬಾಕ್ಸಿಗಾಗುವಷ್ಟು ಹಣ್ಣಿದ್ದಾಗಲೇ ಹಾಗೆ ಬರೆದೆ. ಆ ವಾರ 16 ಬಾಕ್ಸ್ ಹೋಯಿತು, ಖುಷಿಯೂ ಆಯಿತು. ಮುಂದಿನ ವಾರ ಪುನಃ ಪತ್ರ ಹಾಕಿದಾಗ ಹಳೆಯ ಗಿರಾಕಿಯೊಬ್ಬರು ಕೇಳಿದರು: “ನಿಮ್ಮ ಕೊನೆಯ 10 ಬಾಕ್ಸ್ ಇನ್ನೂ ಮುಗಿಯಲಿಲ್ಲವಾ?” ಏನು ಉತ್ತರ ಕೊಡುವುದು ಮಾರಾಯ್ರೆ! ಅವರು ಆ ವರ್ಷ ಮತ್ತೆ ತರಿಸಲಿಲ್ಲ. ಗಡಿಬಿಡಿ ಮಾಡಿಸಲು ನಾವು ಸುಳ್ಳು ಹೇಳಬೇಕಾದ್ದೇ ಇಲ್ಲ. ನಮ್ಮ ಕೊಯ್ಲಿಗೆ ದಿನ ಉಂಟು, ಬಸ್ಸಿಗೆ ಹೊತ್ತು ಉಂಟು. ಅದನ್ನೇ ಬರೆದರೆ ಆಯಿತು.

ಪದದ ಆಯ್ಕೆಯಿಂದ ಅಷ್ಟೆಲ್ಲ ವ್ಯತ್ಯಾಸ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಪ್ರಸಿದ್ಧ ಲೆಕ್ಕ ಇದೆ. ಬರಾಕ್ ಒಬಾಮ 2008ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವರ ಜಾಲತಾಣದ ತಂಡ ಬಟನಿನ ಮೇಲಿನ ಮಾತು, ಅದರ ಮೇಲಿರುವ ಫೋಟೊ ಅಥವಾ ವಿಡಿಯೋ ಸೇರಿಸಿ 24 ಜೋಡಣೆಗಳನ್ನು ಪರೀಕ್ಷಿಸಿತು. ‘ಸೈನ್ ಅಪ್’ ಎಂದಿದ್ದ ಮೂಲ ಪುಟದಲ್ಲಿ ಹೆಸರು ನೋಂದಾಯಿಸಿದವರು ಶೇಕಡಾ 8.26. ‘ಲರ್ನ್ ಮೋರ್’ ಎಂಬ ಬಟನ್ ಮತ್ತು ಕುಟುಂಬದ ಫೋಟೊ ಇದ್ದದ್ದರಲ್ಲಿ ಶೇಕಡಾ 11.6. ತಂಡದವರು ಗೆಲ್ಲುತ್ತದೆಂದು ನೆಚ್ಚಿಕೊಂಡಿದ್ದ ವಿಡಿಯೋಗಳು ಫೋಟೊಗಳಿಗಿಂತ ಹಿಂದೆ ಬಿದ್ದವು. ನನ್ನ ಒಂದೂವರೆ ಪುಟದ ಪತ್ರದ ನೆನಪಾಯಿತು.

ಆದರೆ ಅಲ್ಲಿ ಪುಟ ನೋಡಿದವರು 3 ಲಕ್ಷಕ್ಕೂ ಮಿಕ್ಕಿ. ನಾನೂ ಒಮ್ಮೆ ಪಟ್ಟಿಯನ್ನು 60-60 ಎಂದು ಪಾಲು ಮಾಡಿ ಎರಡು ನಮೂನೆಯ ಸಾಲು ಕಳಿಸಿದೆ. ಒಂದಕ್ಕೆ 7 ಆರ್ಡರ್, ಇನ್ನೊಂದಕ್ಕೆ 11. ಎರಡನೆಯದೇ ಒಳ್ಳೆಯದು ಎಂದುಕೊಂಡು ಮುಂದಿನ ವಾರ ಪಾಲು ಬದಲಿಸಿ ಕಳಿಸಿದರೆ ಲೆಕ್ಕ ಉಲ್ಟಾ ಆಯಿತು. ಇಷ್ಟು ಸಣ್ಣ ಪಟ್ಟಿಯಲ್ಲಿ ನಾಲ್ಕು ಆರ್ಡರಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ನಮ್ಮಂಥವರಿಗೆ ಇಂಥ ಪರೀಕ್ಷೆಗಿಂತ, ಆರ್ಡರ್ ಕೊಡದ ಇಬ್ಬರಿಗೆ ಫೋನ್ ಮಾಡಿ ಯಾಕೆ ಎಂದು ಕೇಳುವುದು ಹೆಚ್ಚು ಪ್ರಯೋಜನ. ‘ಹಣ್ಣು ಕಪ್ಪಾಗಿ ಬಂದರೆ ಏನು ಮಾಡುವುದು?’ ಎಂಬ ಹೆದರಿಕೆ ಗೊತ್ತಾದದ್ದು ಹಾಗೆ. ‘ಹಣ್ಣು ನೋಡಿದ ಮೇಲೆ ಹಣ’ ಎಂಬ ಮಾತು ಸೇರಿದ್ದು ಆ ನಂತರ. ಈ ತನಕ ಹಣ ಕೊಡದವರು ಒಬ್ಬರೇ.

ಪತ್ರ ಕಳಿಸುವಾಗ ಎಲ್ಲರ ವಿಳಾಸವನ್ನು ‘ಟು’ ಎಂಬಲ್ಲಿ ಹಾಕಬೇಡಿ, ‘ಬಿಸಿಸಿ’ ಎಂಬಲ್ಲಿ ಹಾಕಿ. ಇಲ್ಲವಾದರೆ ಒಬ್ಬರ ವಿಳಾಸ ಎಲ್ಲರಿಗೂ ಗೊತ್ತಾಗುತ್ತದೆ. ಒಪ್ಪಿಗೆ ಕೊಟ್ಟವರಿಗಷ್ಟೇ ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲೂ ಆಗಬೇಕು. ನನ್ನ ಪತ್ರದ ಅಡಿಯಲ್ಲಿ ‘ಇನ್ನು ಬೇಡವೆಂದಾದರೆ ಬೇಡ ಎಂದು ಉತ್ತರಿಸಿ’ ಎಂಬ ಸಾಲು ಯಾವಾಗಲೂ ಇರುತ್ತದೆ. ಕಳೆದ ಹಂಗಾಮಿನಲ್ಲಿ ಹಾಗೆ ಬರೆದವರು ಆರು ಮಂದಿ. ಅವರಲ್ಲಿ ಒಬ್ಬರು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: ‘ರಂಬುಟಾನ್ ಬೇಡ, ಹಪ್ಪಳ ಆದಾಗ ತಿಳಿಸಿ.’